ಮುಂದಿನ ರೆಕ್ಕೆ, ಬಲಗಡೆಯದು

ಕಲ್ಲಿಗೆ ಒಂದು ಹನಿ ಸ್ಪಿರಿಟ್ಟು.
ನರಗಳು ಎದ್ದು ಬರುತ್ತವೆ, ಕಂದು,
ಎಣ್ಣೆ ಬಿದ್ದ ಕಾಗದದಲ್ಲಿ
ಹಿಂಬದಿಯ ಅಕ್ಷರ ಕಂಡ ಹಾಗೆ.
ಆರುವ ಮೊದಲೇ ಎಣಿಸಿಬಿಡಬೇಕು.
ಸ್ವಲ್ಪ ತಡವಾದರೂ ಕಲ್ಲು ಮತ್ತೆ ಬರೀ ಕಲ್ಲು.

ಫೂರ್ ದ್ವೀಪದ ಹಗುರ ಕಲ್ಲು,
ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ.
ನಡುನಡುವೆ ಬೂದಿಯ ಕಪ್ಪು ಗೆರೆ;
ಯಾವ ಬೆಟ್ಟ ಉಗುಳಿದ್ದೋ, ಒಂದೊಂದಕ್ಕೂ ನಂಬರಿದೆ.
ಟೋರ್ಕಿಲ್ ತಂದುಕೊಟ್ಟ, ಊಟದ ಡಬ್ಬಿಯಲ್ಲಿಟ್ಟು,
ಬ್ರೆಡ್ಡಿನ ಪುಡಿಯ ಸಮೇತ.
"ಮೀನಿನದೇನೋ ಅಂದುಕೊಂಡೆ," ಅಂದ.

ಬರೆಯುತ್ತೇನೆ:
ಉದ್ದ ಹದಿನಾಲ್ಕೂವರೆ ಮಿಲಿಮೀಟರು, ತುದಿ ಮುರಿದಿದೆ.
ಮುಂಅಂಚಿನ ಪಟ್ಟಿಯಲ್ಲಿ ಅಡ್ಡನರ ಇಪ್ಪತ್ತೆರಡು,
ಒಂದೂ ಕವಲೊಡೆದಿಲ್ಲ.
ನಡುವೆ ಮೆಟ್ಟಿಲು ಮೆಟ್ಟಿಲಾಗಿ ಎರಡು ಸಾಲು.
ಒಳಸಾಲಿನಲ್ಲಿ ಐದು.
ಅಲ್ಲ, ನಾಲ್ಕು.
ಐದನೆಯದು ಬಿರುಕು.
ಮೊನ್ನೆಯಿಡೀ ಬಿರುಕನ್ನೇ ನರವೆಂದು ಗೀಚಿ
ಹೊಸ ಕುಲವೊಂದು ಸಿಕ್ಕಿತೆಂದು ಕುಣಿದಿದ್ದೆ.
ರಬ್ಬರು ಉಜ್ಜಿದೆ. ಮೇಜಿನ ಮೇಲೆ
ಪುಡಿಪುಡಿಯಾಗಿ ಬಿದ್ದಿತ್ತು ಕುಲ. ಊದಿದೆ.

ತಲೆ: ತಿಳಿಯದು.
ಕುಡಿಮೀಸೆ: ತಿಳಿಯದು.
ಕಾಲು, ಹೊಟ್ಟೆ, ಗಂಡೋ ಹೆಣ್ಣೋ: ತಿಳಿಯದು.
ಗಾಳಿ ಕಡಲಿಗೆ ಕೆಡವಿತು,
ಮೆತ್ತಗಿದ್ದುದನ್ನೆಲ್ಲ ಮೀನು ತಿಂದಿರಬೇಕು,
ರುಚಿಯಿಲ್ಲದ್ದು ನನ್ನ ಪಾಲಿಗೆ ಬಂತು.
ನಮ್ಮಲ್ಲಿ ಈ ಹುಳಕ್ಕೆ ಚಿನ್ನಗಣ್ಣು ಅನ್ನುತ್ತೇವೆ.
ಹೆಸರಿಗೇ ಕಣ್ಣು;
ಆ ಕಾಲಂನಲ್ಲೂ ಬರೆದೆ, ತಿಳಿಯದು.

ಟೋರ್ಕಿಲ್ ಕೇಳಿದ್ದು ಬೇರೆ:
ಎಷ್ಟು ದೂರ ಹಾರಿ ಬಂದಿರಬಹುದು?
ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.
ದಡ ಉತ್ತರಕ್ಕಿತ್ತು, ನೂರು ಕಿಲೋಮೀಟರಾದರೂ ಇದ್ದೀತು, ಅಂದೆ.
ಅವನು ತನ್ನ ಅಂಗೈ ನೋಡಿಕೊಂಡ.
ಮೂವತ್ತೊಂದು ವರ್ಷ ಇದೇ ಗುಡ್ಡ ಅಗೆದವನು.
ಅಗೆದದ್ದನ್ನು ಸುಟ್ಟು, ಪುಡಿ ಮಾಡಿ, ಚೀಲ ತುಂಬಿ
ಯೂರೋಪಿನ ಬೆಕ್ಕುಗಳ ಕಕ್ಕಸಿನ ತಟ್ಟೆಗೆ ಕಳಿಸಿದರು.
"ಹಾಗಾದರೆ ಎಷ್ಟು ರೆಕ್ಕೆ..." ಅಂದವನು
ಲೆಕ್ಕ ಅಲ್ಲಿಗೇ ಬಿಟ್ಟು ಕಾಫಿ ಕುಡಿದ.

ಹೆಸರಿನ ಜಾಗ ಇನ್ನೂ ಖಾಲಿ.
ನಿನ್ನದೇ ಇಡಲೇ? ಬೇಡ,
ನನ್ನವಳದಿಡು, ಅಂದ.
ಅವಳಿಗೆ ಹುಳ ಕಂಡರೆ ಆಗುತ್ತಿರಲಿಲ್ಲ.
ಚಳಿಗಾಲದಲ್ಲಿ ಪರದೆಯ ಹಿಂದೆ ಬಂದು ಕೂರುವ ಇವನ್ನು ಮಾತ್ರ
ಗ್ಲಾಸು ಮುಚ್ಚಿ ಹಿಡಿದು, ಅಟ್ಟ ಹತ್ತಿ ಬಿಟ್ಟುಬರುತ್ತಿದ್ದಳು,
ಮಂಡಿನೋವಿನಲ್ಲೂ.

ದಾಗ್ನಿ.
ಕಾಗುಣಿತ ಕೇಳಿ ಬರೆದುಕೊಂಡೆ.
ಕಲ್ಲು ಆರಿತ್ತು. ಇನ್ನೊಂದು ಹನಿ ಬಿಟ್ಟು
ಲೆನ್ಸನ್ನು ಅವನ ಕಡೆ ತಿರುಗಿಸಿದೆ.
ಒಂದು, ಎರಡು, ಅಂತ ತುಟಿಯಲ್ಲೇ ಎಣಿಸುತ್ತಿದ್ದ;
ಹದಿನೇಳರ ಹೊತ್ತಿಗೆ ಆರಿತು.