ಜಾಗವಿಲ್ಲ ಎಂದು ಬರೆಯಲು

ಪೆನಿಶೆ ಬಂದರು. ಬೆಳಗಿನ ಜಾವ ನಾಲ್ಕು.
ಸಾರ್ಡೀನ್ ಪೆಟ್ಟಿಗೆಗಳಲ್ಲಿ ಮಂಜುಗಡ್ಡೆ ಬೆವರುತ್ತಿದೆ,
ಹರಾಜುಕಟ್ಟೆಯ ದೊಡ್ಡ ಫಲಕ ಕಪ್ಪಗಿದೆ.
ತೂಕದ ಪ್ರೋಗ್ರಾಮು ಏಳುತ್ತದೆ, ಎದ್ದಲ್ಲೇ ಬೀಳುತ್ತದೆ,
ಚಕಾರವೆತ್ತದೆ.

‘ಮೀನು ಕಾಯುವುದಿಲ್ಲ, ದಿಯೊಲಿಂಡಾ’
ಹೆಗಲ ಮೇಲಿಂದ ಬಗ್ಗುತ್ತಾನೆ ಇದಲೇಸಿಯೊ,
ಉಸಿರಲ್ಲಿ ಕಾಫಿ, ಡೀಸೆಲ್ಲು.
ಗೊತ್ತು. ಆದರೆ ಬಿದ್ದವನನ್ನು ಬಡಿದೆಬ್ಬಿಸುವುದು ನನ್ನ ಕಸುಬಲ್ಲ.
ಇನ್ನೊಮ್ಮೆ ನಡೆಯಲು ಬಿಟ್ಟು
ಸದ್ದಿಲ್ಲದೆ ಬೆನ್ನ ಹಿಂದೆ ಹೋಗುತ್ತೇನೆ:
ಕರ್ನಲ್ಲಿನ ಬಾಗಿಲಲ್ಲಿ ಅದು ಏನು ಕೇಳಿತು,
ಒಳಗಿನಿಂದ ಏನು ಉತ್ತರ ಬಂತು,
ಒಂದೊಂದೇ ಸಾಲು.

ಈ ಕಡತ ತೆರೆ ಎಂದಿತು. ಇಲ್ಲ.
ಆ ಫೋಲ್ಡರಿನಲ್ಲಿ? ಇಲ್ಲ.
ಮೂರನೆಯದರಲ್ಲಿ ಇತ್ತು.
‘ಅಲ್ಲೇ ಇಲ್ಲ ಅಂತಿದೆಯಲ್ಲ!’ ಪರದೆಗೆ ಒದ್ದೆ ಬೆರಳು ಒತ್ತುತ್ತಾನೆ.
ಅದಲ್ಲ ಮಾರಾಯ.
ಕನ್ನಡಕ ಹುಡುಕುವವನು ಮೊದಲು ಜೇಬು, ಆಮೇಲೆ ಮೇಜು,
ಕಡೆಗೆ ನೆತ್ತಿ ಮುಟ್ಟಿಕೊಳ್ಳುತ್ತಾನಲ್ಲ,
ಅಂಥ ಇಲ್ಲಗಳಿಂದ ಯಾರೂ ಸತ್ತದ್ದಿಲ್ಲ.
ಕೊಲ್ಲುವ ಇಲ್ಲ ಬೇರೆ,
ಅದು ತಳದಲ್ಲಿರುತ್ತದೆ, ಕೆಳಗಿನಿಂದ ಮೇಲೆ ಓದಬೇಕು.

ಓದಿದೆ.
ತಳದ ಸಾಲು: ಒಂದು ಎಂಬ ಸಂಕೇತವಿಟ್ಟು ಹೊರಟುಹೋಯಿತು.
ಅದರ ಮೇಲೆ: ಲಾಗಿಗೆ ನಲವತ್ತೊಂದು ಬೈಟು ಬರೆಯಹೋಯಿತು. ಜಾಗವಿಲ್ಲ.
ಅದರ ಮೇಲೆ: ತೂಕದ ಕಡತಕ್ಕೆ ಹನ್ನೆರಡು. ಜಾಗವಿಲ್ಲ.
ಅಂದರೆ
ಜಾಗವಿಲ್ಲ ಎಂದು ಬರೆಯಲು ಅದಕ್ಕೆ ಜಾಗವಿರಲಿಲ್ಲ.

ಡಿಸ್ಕು ತುಂಬಿದ್ದು ಯಾರು?
ಅದೇ.
ಆರು ವರ್ಷ, ಸೆಕೆಂಡಿಗೊಮ್ಮೆ,
ದೋಣಿ ಬಂದಾಗ, ಬಾರದಾಗ, ಕ್ರಿಸ್‌ಮಸ್ ರಾತ್ರಿ
ಖಾಲಿ ತಕ್ಕಡಿಯ ಮುಂದೆ ಕೂತು ಬರೆದಿದೆ:
ಎಲ್ಲ ಸರಿಯಾಗಿದೆ. ಎಲ್ಲ ಸರಿಯಾಗಿದೆ.

ಇದಲೇಸಿಯೊ ಆಗಲೇ ಹೊರಗೆ, ಪೆಟ್ಟಿಗೆ ಎಳೆಯುತ್ತ.
ಅಳಿಸುವ ಮುನ್ನ, ಯಾಕೋ,
ಹೋದ ಫೆಬ್ರವರಿಯ ಆ ಮಂಗಳವಾರಕ್ಕೆ ಹೋಗುತ್ತೇನೆ,
ಅವನ ಭಾವನ ದೋಣಿ ಬಂಡೆಗಳಾಚೆ ಮಗುಚಿದ ರಾತ್ರಿ.
ಮೂರು ಗಂಟೆ ಹತ್ತು ನಿಮಿಷ:
ಎಲ್ಲ ಸರಿಯಾಗಿದೆ.
ಮೂರು ಹತ್ತು, ಒಂದು ಸೆಕೆಂಡು:
ಎಲ್ಲ ಸರಿಯಾಗಿದೆ.

ಸುಳ್ಳಲ್ಲ. ತಕ್ಕಡಿಯ ಮಟ್ಟಿಗೆ ಸರಿಯೇ ಇತ್ತು.

ಕೀಲಿ ಒತ್ತುತ್ತೇನೆ.
ಹೊರಗೆ ಫಲಕದ ಮೇಲೆ ಕೆಂಪಗೆ
ಹದಿನೆಂಟು ಕಿಲೋ ನಾನೂರು.
ಅದರಲ್ಲಿ ಮೀನೆಷ್ಟು, ಮಂಜುಗಡ್ಡೆಯೆಷ್ಟು ಎಂದು
ಯಾರೋ ಆಗಲೇ ಜಗಳ ತೆಗೆದಿದ್ದಾರೆ.