ಕೈ ಊರಲಾರದೆ ಏಳೋದು

ಮುಂಜಾನಿ ಐದಕ್ಕ ಎಸ್ತೇರಮ್ಮಗ ಒಂದು ಮಿಸ್ಡ್ ಕಾಲ್.
ಅದೇ ನಮ್ಮ ಹಾಜರಿ.
ಒಂದು ರಿಂಗ್ ಅಂದ್ರ ಎದ್ದೀನಿ, ಚಪ್ಪಲಿ ಮೆಟ್ಟೀನಿ.
ಎರಡಾದ್ರ ಮೊಣಕಾಲು ಇವತ್ತು ಮಾತು ಕೇಳವಲ್ದು,
ಕಿಲ್ಲಾದ ಬಾಗಿಲ ತನಕ ಬರ್ತೀನಿ, ಮುಂದ ನೀವೇ ಹೋಗ್ರಿ.
ಮೂರಕ್ಕ ಅರ್ಥ ಇಟ್ಟಿಲ್ಲ,
ಮೂರನೇ ರಿಂಗಿಗಿ ಗಂಡಂದಿರು ಎದ್ದುಬಿಡ್ತಾರ.

ಐದು ಮಂದಿ ನಾವು. ಎಲ್ಲಾರಿಗೂ ಐವತ್ತು ದಾಟ್ಯದ.
ಜಗದೇವಿಗಿ ಎಷ್ಟಂತ ಆಕಿಗೂ ಗೊತ್ತಿಲ್ಲ,
ಆಧಾರ್ ಕಾರ್ಡಿನ್ಯಾಗ ಜನವರಿ ಒಂದು ಅಂತ ಬರದಾರ.
ಶರ್ಜಾ ದರವಾಜಾದ ಕಲ್ಲಿನ ಹುಲಿ ಹಾದು
ಕೆಂಪು ಮಣ್ಣಿನ ದಾರಿ ತುಳೀತೀವಿ.
ಎಸ್ತೇರಮ್ಮನ ಚೀಲದಾಗ ಬಿ.ಪಿ. ಮಿಷನ್.
ಮೂವತ್ತೊಂದು ವರ್ಷ ದವಾಖಾನಿ ಸಿಸ್ಟರ್,
ಈಗೂ ಯಾರ ಕೈ ಹಿಡದ್ರೂ ಮೊದಲು ನಾಡಿ ನೋಡ್ತಾಳ.
ನಂದು ಬಿದರಿ ಕೆಲಸದ ಮನಿ.
ಬಗ್ಗಿ ಬಗ್ಗಿ ಬೆಳ್ಳಿ ತಂತಿ ಕೂಡಿಸಿ ನನ್ನ ಕುತ್ತಿಗಿ
ಹೂಜಿ ಕೊರಳಿನಂಗ ಡೊಂಕಾಗ್ಯದ.

ಏಪ್ರಿಲ್‌ನಾಗ ಒಂದಿನ ಪ್ರಯಾಗಬಾಯಿ ರಿಂಗ್ ಬರಲಿಲ್ಲ.
ಐದೂ ಹತ್ತು.
ಐದೂ ಇಪ್ಪತ್ತು.
ನಿದ್ದಿ ಹತ್ತಿರಬೇಕು ಬಿಡ್ರಿ ಅಂದೆ ನಾನು.
ಆ ಮಾತು ಇನ್ನೂ ನನ್ನ ಗಂಟಲಾಗ ಅದ.
ಎಸ್ತೇರಮ್ಮ ಆಗಲೇ ಆಕಿ ಓಣಿ ಹಿಡದಿದ್ದಳು.

ಮನಿ ತುಂಬ ಮಂದಿ ಇದ್ದರು, ಖರೆ.
ಗಂಡ, ಮಗ, ಸೊಸಿ, ಎರಡು ಮೊಮ್ಮಕ್ಕಳು.
ರೂಮಿಗೊಂದು ಕೂಲರ್, ರಾತ್ರಿಯೆಲ್ಲಾ
ಹಿಟ್ಟಿನ ಗಿರಣಿ ಹಂಗ ಗುರ್ ಅಂತಿದ್ವು.
ಬಚ್ಚಲದಾಗ ಎರಡೂವರಿಗಿ ಜಾರಿ ಕುಂತಾಕಿ
ಐದೂವರಿ ತನಕ ಕುಂತೇ ಇದ್ದಳು.
ಎಲುಬು ಮುರದಿಲ್ಲ, ನೋವೂ ಭಾಳಿಲ್ಲ.
ಏಳ್ಲಿಕ್ಕ ಬರಲಿಲ್ಲ, ಅಷ್ಟೇ.
ನಮ್ಮ ದನಿ ಕೇಳಿ ಒಳಗಿಂದ ಅಂದ ಮೊದಲ ಮಾತು:
"ಚಿಲಕ ಮುರೀಬ್ಯಾಡ್ರೇ, ಹೋದ ವಾರ ಹಾಕಿಸೀನಿ."

ಆವತ್ತಿನಿಂದ ಅರ್ಧ ನಡಿಗಿ, ಅರ್ಧ ಏಳೋದು.
ಬೇವಿನ ಗಿಡದ ಕೆಳಗ ಬರೀ ನೆಲಕ್ಕ ಕೂಡಬೇಕು,
ಕೈ ಊರಲಾರದೆ ಏಳಬೇಕು.
ಇದೇನು ದೊಡ್ಡ ವಿದ್ಯಾ ಅಂತ ನಕ್ಕಳು ಜಗದೇವಿ,
ಒಲಿ ಮುಂದಿಂದ ಎದ್ದಾಕಿ, ಬೀಸಿ ಎದ್ದಾಕಿ, ಸಾರಿಸಿ ಎದ್ದಾಕಿ.
ಕುಂತಳು.
ಆಕಿ ಕೂಡ ನಗೂನೂ ಅಲ್ಲೇ ಕುಂತಿತು.
ಯಾವಾಗ ಬಿಟ್ಟೆವು ನಾವು ನೆಲಾನ?
ಗ್ಯಾಸಿನ ಕಟ್ಟಿ ಕಟ್ಟಿಸಿದ ವರ್ಷೋ,
ಕುರ್ಚಿ ಪಾಯಖಾನಿ ಬಂದ ವರ್ಷೋ,
ಯಾರೂ ಬರದಿಟ್ಟಿಲ್ಲ.

ಎಲ್ಲಾರೂ ಸೀರಿ ಝಾಡಿಸಿಕೊಂಡ ಮ್ಯಾಲೆ
ಮೆಹರುನ್ನಿಸಾ ಮೆಲ್ಲಕ ಅಂದಳು,
ಎರಡು ವರ್ಷ ಆಯ್ತು ಕುರ್ಚಿ ಮ್ಯಾಲೇ ನಮಾಜು,
ಹಣಿ ನೆಲಕ್ಕ ಮುಟ್ಟಿಲ್ಲ.
"ಮೊಣಕಾಲು ಇಲ್ಲದವರಿಗಿ ಮಾಫಿ ಅದ, ಗೊತ್ತದ.
ನನಗ ಮಾಫಿ ಬ್ಯಾಡವ್ವ, ನೆಲಾ ಬೇಕು."
ಎಸ್ತೇರಮ್ಮ ಏನೂ ಅನ್ನಲಿಲ್ಲ.
ಆಕಿ ಎರಡೂ ಮೊಣಕಾಲು ಒತ್ತಿ ನೋಡಿದಳು,
ಸಂತ್ಯಾಗ ಕಲ್ಲಂಗಡಿ ನೋಡೋ ಹಂಗ.

ಆಷಾಢಕ್ಕ ಒಂದು ಕೈ ಬಿಟ್ಟೆವು.
ಶ್ರಾವಣಕ್ಕ ಎರಡು ಬೆರಳು ಉಳದ್ವು.
ನಡುವ ಜಗದೇವಿ ಸಿಟ್ಟಿಗೆದ್ದು ಎಂಟು ದಿನ ಬರಲಿಲ್ಲ,
ರಿಂಗ್ ಮಾತ್ರ ತಪ್ಪಿಸಲಿಲ್ಲ.
ಮೊನ್ನೆ ಮೆಹರುನ್ನಿಸಾ ಬೇವಿನ ಕೆಳಗ ಬಗ್ಗಿದಾಕಿ
ಹಣಿಗಿ ಮಣ್ಣು ಹಚ್ಚಿಕೊಂಡು ತಾನಾಗಿ ಎದ್ದಳು.
ಈ ಮಣ್ಣೇ ಕುದಿಸಿ ಹೂಜಿಗಿ ಕಪ್ಪು ಏರಿಸ್ತೀವಿ ನಾವು,
ಮೈಯಲ್ಲಾ ಕರ್ರಗಾದ್ರೂ ಬೆಳ್ಳಿ ಬೆಳ್ಳಗೇ ಉಳೀತದ.
ಒರಸ್ಕೋ ಅಂದೆ. ಒರಸಲಿಲ್ಲ.
ಆಟೋದವ ತಿರುಗಿ ತಿರುಗಿ ನೋಡಿದ.

ಪ್ರಯಾಗಬಾಯಿ ಇನ್ನೂ ನನ್ನ ಹೆಗಲು ಹಿಡದೇ ಏಳ್ತಾಳ.
ಹಿಡೀಲಿ.
ಎಸ್ತೇರಮ್ಮನ ಲೆಕ್ಕದಾಗ
ಇನ್ನೊಬ್ಬಾಕಿ ಹೆಗಲು ಹಿಡದ್ರ
ಕೈ ಊರಿದಂಗ ಅಲ್ಲ.