ಹೋಬಳಿ ಗೊತ್ತಿಲ್ಲ

ದೊಡ್ಡಾಸ್ಪತ್ರೆಯ ಮೂರನೇ ಕಿಟಕಿ ನನ್ನದು.
ಹೆಸರು, ವಯಸ್ಸು, ತಂದೆ ಅಥವಾ ಗಂಡ,
ಊರು, ಹೋಬಳಿ, ತಾಲೂಕು, ಕಾರ್ಡಿದೆಯೇ, ಇಲ್ಲವೇ.
ಒಂಬತ್ತು ವರ್ಷದಿಂದ ಇಷ್ಟೇ ನನ್ನ ಮಾತು.
ಕಿಟಕಿಯಾಚೆ ಕೈಗಳು ಬದಲಾಗುತ್ತವೆ,
ಮುಖ ನೋಡಲು ಪುರುಸೊತ್ತಿಲ್ಲ.

ಅವತ್ತು ತೂರಿ ಬಂದದ್ದು ಕಡುಗೆಂಪು ಪಾಸ್‌ಪೋರ್ಟು.
ಬಗ್ಗಿ ನೋಡಿದೆ.
ಹಿರುತ್. ಇಥಿಯೋಪಿಯಾದವಳು. ಗಂಗೋತ್ರಿಯಲ್ಲಿ ಪಿಎಚ್‌ಡಿ,
ಚೌಳು ಮಣ್ಣಿನ ಬಗ್ಗೆ ಓದುತ್ತಾಳಂತೆ.
ಒಂದು ಕೈ ಬಲಪಕ್ಕೆಯ ಮೇಲೆ,
ಇನ್ನೊಂದರಲ್ಲಿ ಪ್ರೈವೇಟ್ ಆಸ್ಪತ್ರೆಯ ಫೈಲು,
ಲಗ್ನಪತ್ರಿಕೆಯಷ್ಟು ನಯ.

ಅಲ್ಲಿ ಕೂರಲು ಸೋಫಾ ಕೊಟ್ಟರಂತೆ,
ಮೇಡಂ ಅಂದರಂತೆ ಮೂರು ಸಲ.
ಆಮೇಲೆ ಸರ್‌ನೇಮ್ ಅಂತ ಒಂದು ಖಾನೆ. ಅವರ ದೇಶದಲ್ಲಿ ಅದಿಲ್ಲ,
ತನ್ನ ಹೆಸರಾದ ಮೇಲೆ ಅಪ್ಪನದು, ಆಮೇಲೆ ತಾತನದು, ಅಷ್ಟೆ.
ಕಂಪ್ಯೂಟರಿಗೆ ಅಪ್ಪನೇ ಸಾಕಾಯಿತು:
ಮುಲುಗೆಟ. ಪಿತ್ತಕೋಶದಲ್ಲಿ ಕಲ್ಲು.
ಸತ್ತು ಹನ್ನೊಂದು ವರ್ಷವಾದ ಮೇಷ್ಟರ ಹೆಸರಿಗೆ
ಅರವತ್ತು ಸಾವಿರ ಅಡ್ವಾನ್ಸ್ ಕಟ್ಟಿ ಎಂದರು.
ಇನ್ಶೂರೆನ್ಸಿನವನು ಫೋನಿನಲ್ಲಿ,
"ಈ ಹೆಸರಿನವರು ನಮ್ಮಲ್ಲಿಲ್ಲ."
ನಿಜ, ಅವರು ಎಲ್ಲೂ ಇಲ್ಲ.

ನಾನು ನಕ್ಕುಬಿಟ್ಟೆ, ತಪ್ಪು.
ಅವಳೂ ನಕ್ಕಳು, ಪಕ್ಕೆ ಹಿಡಿದುಕೊಂಡು.
ನನ್ನ ಹೆಸರಿಗೂ ಅಪ್ಪ ಅಂಟಿಕೊಂಡಿದ್ದಾರಲ್ಲ,
ಕೆ. ಅಂದರೆ ಕಿರುಗಾವಲು, ಎಸ್. ಅಂದರೆ ಸಿದ್ದವೀರಯ್ಯ.
ನಮ್ಮಪ್ಪಂದಿರು ಮುಂದೆ ನಡೆಯುತ್ತಾರೆ,
ಅವರಪ್ಪಂದಿರು ಹಿಂದೆ.

ಹೋಬಳಿ?
ಕೇಳಬೇಕಲ್ಲ, ಕೇಳಿದೆ.
ಫೋನಿನಲ್ಲಿ ಮ್ಯಾಪು ತೆರೆದು ಬೆರಳಿಟ್ಟಳು,
ಬೆಟ್ಟದ ನೆತ್ತಿಯಲ್ಲೊಂದು ಊರು,
ಅದರ ಹೆಸರಿಗೆ ನನ್ನ ಅಕ್ಷರ ಸಾಲಲಿಲ್ಲ.
ಗೊತ್ತಿಲ್ಲ ಅಂತ ಬರೆದೆ.
ಫಾರಿನ್‌ನವರಿಗೆ ಎಷ್ಟು ತಗೋಬೇಕು?
ಆಫೀಸಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ.
ಹಿಂದಿನವರು ಕೂಗಾಡುತ್ತಿದ್ದರು.
ಎಲ್ಲರ ಹತ್ತು ರೂಪಾಯಿ ಚೀಟಿಯನ್ನೇ ಹರಿದುಕೊಟ್ಟೆ.

ಮುಂದಿನದು ವಾರ್ಡಿನ ಸುಗುಣಕ್ಕ ಹೇಳಿದ್ದು.
ಸ್ಕ್ಯಾನಿಗೆ ಹದಿನೆಂಟನೇ ತಾರೀಖು ಬಾ ಅಂದರು,
ಇರ್ವಿನ್ ರಸ್ತೆಯಲ್ಲಿ ದುಡ್ಡು ಕೊಟ್ಟು ಅವತ್ತೇ ಮಾಡಿಸಿದಳು.
ಆಪರೇಷನ್ನು ಪುಕ್ಕಟೆ, ಹೊಲಿಗೆ ದಾರ ಸ್ಟಾಕಿಲ್ಲ,
ಎದುರಿನ ಮೆಡಿಕಲ್ಲಿನಿಂದ ತರಬೇಕು.
ತರಲಿಕ್ಕೆ ಯಾರಿದ್ದಾರೆ?
ಡಾಕ್ಟರು ಬಂದರೂ "ಜೊತೇಲಿ ಯಾರು?"
ನರ್ಸು ಬಂದರೂ "ಜೊತೇಲಿ ಯಾರು?"
ಸೋಫಾದವರು ಕೇಳಿದ್ದು ದುಡ್ಡು,
ನಾವು ಕೇಳುವುದು ಮನುಷ್ಯರನ್ನು.
ಯಾವುದು ತುಟ್ಟಿ, ಅವಳನ್ನೇ ಕೇಳಬೇಕು.

ಪಕ್ಕದ ಮಂಚದಲ್ಲಿ ಬನ್ನೂರಿನ ಮುದುಕಿ.
ಅದರ ಸೊಸೆ ಪುಟ್ಟಲಿಂಗಮ್ಮ
ಸೆರಗು ಬಿಗಿದು ಹೋಗಿ ದಾರ ತಂದಳು,
ಜೊತೆಗೆ ಯಾರೂ ಕೇಳದ ಒಂದು ಎಳನೀರು.
ಫಾರಮ್ಮಿಗೆ ರುಜುವನ್ನೂ ಹಾಕಿದಳು, ಕೋಳಿಕಾಲು ಅಕ್ಷರ.
ಸಂಬಂಧ ಅನ್ನುವ ಕಡೆ ಏನು ಬರೆಯಲಿ ಅಂದರೆ
"ಬರ್ಕಳವ್ವ, ಪಕ್ಕದ್ ಮಂಚ" ಅಂದಳಂತೆ.
ಸುಗುಣಕ್ಕ ಹಾಗೇ ಬರೆದರು. ಫೈಲಿನಲ್ಲಿ ಈಗಲೂ ಇದೆ.

ನನ್ನ ಸುದ್ದಿ ಹೇಳಬಾರದು, ಹೇಳುತ್ತೇನೆ.
ಹೋದ ಆಷಾಢದಲ್ಲಿ ನನ್ನ ಗಂಡನಿಗೆ ಹರ್ನಿಯಾ.
ಈ ಕಿಟಕಿಗೆ ಕರೆತರಲಿಲ್ಲ.
ಗೊತ್ತಿದ್ದವರು ನೋಡಿಬಿಟ್ಟಾರೆಂಬ ನಾಚಿಕೆ,
ಸೋಫಾ ಇದ್ದಲ್ಲಿಗೇ ಹೋದೆವು.
ನನಗೂ ಮೇಡಂ ಅಂದರು.
ಓಲೆ ಇನ್ನೂ ಸೊಸೈಟಿಯಲ್ಲಿದೆ,
ಕಿವಿಗೆ ಬೇವಿನಕಡ್ಡಿ.

ಮೊನ್ನೆ ಬಂದಿದ್ದಳು ಹಿರುತ್.
ಸ್ಕ್ಯಾನಿನ ದುಡ್ಡು ವಾಪಸು ಬರಲು ಒಂದು ಕಾಗದ ಬೇಕು:
ಮುಲುಗೆಟ ಎಂಬುವರು ತಂದೆ, ರೋಗಿಯಲ್ಲ,
ಅಂತ ದುಂಡು ಮೊಹರಿನಡಿ.
ಮೊಹರಿನ ಸಾಹೇಬರು ರಜೆ.
ನಾಳೆ ಬನ್ನಿ ಅಂದೆ, ಕನ್ನಡದಲ್ಲೇ, ಬಾಯಭ್ಯಾಸ.
ಅವಳು ಕಿಟಕಿಗೆ ಬಾಗಿ, ಒಂದೊಂದೇ ಅಕ್ಷರ ಪೋಣಿಸಿ,
"ನಾಳೆ ಅಂದ್ರೆ... ಯಾವ ನಾಳೆ?"

ಸಾಲಿಗೆ ಸಾಲೇ ನಕ್ಕಿತು.
ನನಗೂ ಗೊತ್ತಿಲ್ಲ.
ಶುಕ್ರವಾರ ಇರಬೇಕು, ಅಂದೆ.